ಕೇಬಲ್ಲು ಮುಟ್ಟದ ಮೇಲ್ವಿಚಾರಕ

೧೯೭೮ರ ಫೆಬ್ರವರಿ ೯, ಗುರುವಾರ. ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ. ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಯಾರೂ ಕೇಳದೆ ಇದ್ದುದನ್ನು ನಾನಾಗಿ ಹೇಳದಿದ್ದರೆ ಅದು ಸುಳ್ಳಾಗುತ್ತದೆಯೇ?"

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಗಣಿಯಿತ್ತು. ನೆಲದಿಂದ ನೇರವಾಗಿ ಇಳಿದ ಬಾವಿ, ಅದರ ತಳದಲ್ಲಿ ಪಂಪು. ಪಂಪು ನಿಂತರೆ ತಳದ ಸುರಂಗಗಳಿಗೆ ನೀರು ನುಗ್ಗುತ್ತಿತ್ತು. ಆ ಪಂಪಿಗೆ ಮೂರು ಸಾವಿರದ ಮುನ್ನೂರು ವೋಲ್ಟಿನ ವಿದ್ಯುತ್ತು ಒಯ್ಯುತ್ತಿದ್ದ ಕೇಬಲ್ಲು ಹಳೆಯದಾಗಿತ್ತು. ಹೊಸದನ್ನು ಆರಿಸಿ ಇಳಿಸುವ ಕೆಲಸ ವಿದ್ಯುತ್ ಮೇಲ್ವಿಚಾರಕನ ಪಾಲಿಗೆ ಬಂತು.

ಅವನು ಕೆಲಸ ಬಲ್ಲವನು. ಕವಚವಿಲ್ಲದ ಕೇಬಲ್ಲೇ ಸಾಕು ಎಂದು ಮಾಲೀಕರು ಹೇಳಿದಾಗ ಅವನು ಒಪ್ಪಲಿಲ್ಲ. ಉಕ್ಕಿನ ತಂತಿಗಳನ್ನು ಸುತ್ತಿದ ಕೇಬಲ್ಲೇ ಬೇಕು ಎಂದು ಹಟ ಹಿಡಿದ. ಬಾವಿಯಲ್ಲಿ ತೂಗುವ ಕೇಬಲ್ಲು ತನ್ನ ಭಾರವನ್ನು ತಾನೇ ಹೊರಬೇಕು, ಕಲ್ಲು ಬಿದ್ದರೆ ತಾಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟು ಬಿದ್ದು ಒಳಗಿನ ವಿದ್ಯುತ್ತು ಸೋರಿದರೆ ಆ ಉಕ್ಕು ಅದನ್ನು ಮೇಲಕ್ಕೆ ಒಯ್ದು ಭೂಮಿಗೆ ಸೇರಿಸಬೇಕು. ಆಗ ಮೇಲಿನ ಸ್ವಿಚ್ಚು ತಾನಾಗಿಯೇ ಬಿದ್ದು ವಿದ್ಯುತ್ತು ನಿಲ್ಲುತ್ತದೆ. ಇಷ್ಟನ್ನೂ ವಿವರಿಸಿ ಕೊನೆಗೆ ಅವನು ಹೇಳಿದ: "ಒಳಗಿನ ತಾಮ್ರ ಪಂಪಿಗೆ. ಹೊರಗಿನ ಉಕ್ಕು ಜನಕ್ಕೆ."

ಮಾಲೀಕರು ಒಪ್ಪಿದರು.

ಹೊಸ ಕೇಬಲ್ಲು ಎರಡು ತುಂಡಾಗಿ ಬಂತು. ಬಾವಿಯ ನಡುವೆ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ, ಎರಡನ್ನೂ ಜೋಡಿಸಬೇಕಿತ್ತು. ಮೊದಲು ತಾಮ್ರಕ್ಕೆ ತಾಮ್ರ ಕೂಡಿಸಿ, ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಕಾಯಿಸಿದ ಡಾಂಬರು ಹುಯ್ಯಬೇಕು. ಆಮೇಲೆ ಎರಡೂ ಕಡೆಯ ಉಕ್ಕನ್ನು ಬಿಗಿದು, ನಡುವೆ ತಾಮ್ರದ ಪಟ್ಟಿ ಹಾಕಿ ಒಂದು ಮಾಡಬೇಕು. ಮೊದಲನೆಯದು ಆಗದಿದ್ದರೆ ಪಂಪು ನಡೆಯುವುದಿಲ್ಲ. ಎರಡನೆಯದು ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಜೋಡಣೆಯ ದಿನವೇ ಹಳೆಯ ಕೇಬಲ್ಲು ಸುಟ್ಟುಹೋಯಿತು. ಪಂಪು ನಿಂತಿತು. ನೀರು ಏರಿ ಸುರಂಗದ ತಗ್ಗಿನ ದಾರಿಯನ್ನು ಮುಚ್ಚಿತು. ಅದರ ಆಚೆ ಬಂಡೆ ಕೊರೆಯುವವರು ಸಿಕ್ಕಿಕೊಂಡರು. ಮೇಲ್ವಿಚಾರಕ ಗೂಡಿನಲ್ಲಿ ಕುಳಿತು ತಾಮ್ರ ಕೂಡಿಸಿದ, ಡಾಂಬರು ಹುಯ್ದ. ಉಕ್ಕನ್ನು ಬಿಗಿಯುತ್ತ ಕೂರಲು ಹೊತ್ತಿರಲಿಲ್ಲ. ವಿದ್ಯುತ್ತು ಬಿಡಲು ಕೂಗಿ ಹೇಳಿದ. ಪಂಪು ನಡೆಯಿತು, ನೀರು ಇಳಿಯಿತು, ಜನ ಬದುಕಿ ಬಂದರು.

"ಆ ದಿನ ಅವನು ಮಾಡಿದ್ದು ಸರಿ," ಎಂದರು ಗುರುಗಳು. ಶಿಷ್ಯನೂ ಹೌದೆಂದು ತಲೆಯಾಡಿಸಿದ.

ಮರುದಿನ ಅವನು ತಾಮ್ರದ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಬಾವಿಯ ಬಾಯಿಗೆ ಬಂದ. ಅಲ್ಲಿ ಜನ ಸೇರಿದ್ದರು. ಕೇಬಲ್ಲಿಗೆ ಕುಂಕುಮವಿಟ್ಟು ಹಾರ ಹಾಕಿದ್ದರು. ಇನ್ನೊಂದು ಹಾರವನ್ನು ಅವನ ಕೊರಳಿಗೆ ಹಾಕಿದರು. ಮಾಲೀಕರು ಕೈ ಕುಲುಕಿದರು. ಪಂಪು ನಿಲ್ಲಿಸಬೇಕು, ಜೋಡಣೆ ಅರ್ಧಕ್ಕೆ ನಿಂತಿದೆ ಎಂದು ಆ ಹೊತ್ತಿನಲ್ಲಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ನಾಳೆ ಹೇಳಿದರೆ ನಿನ್ನೆಯೇ ಏಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ವಾರ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಪಟ್ಟಿ ಚೀಲದಲ್ಲೇ ಉಳಿಯಿತು.

ಇತ್ತ ಜನರಲ್ಲಿ ಒಂದು ರೂಢಿ ಬೆಳೆಯಿತು. ಜನರನ್ನು ಬಾವಿಗೆ ಇಳಿಸುವ ತೊಟ್ಟಿಲಿನಿಂದ ತಳದಲ್ಲಿ ಇಳಿದವರು ಮೊದಲು ಕೇಬಲ್ಲನ್ನು ಅಮ್ಮ ಎಂದು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಹೋಗುವರು. ಮೇಲ್ವಿಚಾರಕ ಮಾತ್ರ ಮುಟ್ಟುತ್ತಿರಲಿಲ್ಲ. ಅದರ ಹತ್ತಿರ ಬಂದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವನು. ಓದಿದವರ ಬಿಗುಮಾನ ಎಂದು ಜನ ನಕ್ಕು ಸುಮ್ಮನಾದರು. ಈ ಪೂಜೆಯೆಲ್ಲ ಬೇಡ ಎಂದು ಅವನು ಒಮ್ಮೆ ಗದರಿದ್ದೂ ಉಂಟು. ಕಾರಣ ಹೇಳಲಿಲ್ಲ. ಕಾರಣವಿಲ್ಲದ ಮಾತನ್ನು ಯಾರು ಕೇಳುತ್ತಾರೆ?

ಒಂದು ಬೆಳಿಗ್ಗೆ, ಗೂಡಿನ ಕೆಳಗೆ ಎಲ್ಲೋ ಬಾವಿಯ ಗೋಡೆಯಿಂದ ಕಲ್ಲೊಂದು ಕಳಚಿ ಕೇಬಲ್ಲಿನ ಮೇಲೆ ಬಿತ್ತು. ತಾಮ್ರ ಉಕ್ಕಿಗೆ ತಾಗಿತು. ಗೂಡಿನಲ್ಲಿ ಪಟ್ಟಿ ಇಲ್ಲದ್ದರಿಂದ ಉಕ್ಕಿಗೆ ಮೇಲಕ್ಕೆ ದಾರಿ ಇರಲಿಲ್ಲ; ವಿದ್ಯುತ್ತು ಕೆಳಗಿನ ಉಕ್ಕಿನಲ್ಲೇ ಉಳಿಯಿತು. ಸ್ವಿಚ್ಚು ಬೀಳಲಿಲ್ಲ. ಪಂಪು ನಡೆಯುತ್ತಲೇ ಇತ್ತು, ದೀಪಗಳು ಉರಿಯುತ್ತಲೇ ಇದ್ದವು.

ಮೇಲ್ವಿಚಾರಕ ತಳದಲ್ಲಿ ನಿಂತಿದ್ದ. ತೊಟ್ಟಿಲು ಇಳಿಯಿತು. ಮೊದಲು ಹೊರಬಂದವನು ಬಂಡೆ ಕೊರೆಯುವವನು, ಅಂದು ನೀರಿನಾಚೆ ಸಿಕ್ಕಿ ಬದುಕಿದವರಲ್ಲಿ ಒಬ್ಬ. ಅವನು ಮೇಲ್ವಿಚಾರಕನ ಕಟ್ಟಿದ ಕೈಗಳನ್ನು ನೋಡಿ ನಕ್ಕ. "ಏನು ಸ್ವಾಮಿ, ನಮ್ಮಮ್ಮನ್ನ ಮುಟ್ಟಿದರೆ ನಿಮ್ಮ ಕೈ ಕೊಳೆಯಾಗುತ್ತದೆಯೇ? ಬಿಡಿ, ನಿಮ್ಮ ಪಾಲಿನದನ್ನೂ ನಾನೇ ಮುಟ್ಟುತ್ತೇನೆ," ಎಂದು ಎರಡೂ ಕೈ ಚಾಚಿದ.

ಅವನ ಕೈಗಳು ಮತ್ತೆ ಬಿಡಲಿಲ್ಲ. ಹಿಂದಿದ್ದವನು ಅವನನ್ನು ತಬ್ಬಿ ಎಳೆದ. ಅವನೂ ಹೋದ.

ಅದೇ ದಿನ ಪಂಪು ನಿಲ್ಲಿಸಿ, ಪೆಟ್ಟಾದ ಕಡೆ ಸರಿಮಾಡಿ, ಗೂಡಿನ ಜೋಡಣೆಯನ್ನೂ ಪೂರ್ತಿ ಮಾಡಿದರು. ಜೋಡಣೆಗೆ ಹಿಡಿದದ್ದು ಗೇಣುದ್ದದ ಒಂದು ತಾಮ್ರದ ಪಟ್ಟಿ ಮತ್ತು ಸ್ವಲ್ಪ ಹೊತ್ತು. ತಳದಲ್ಲಿ ನೀರು ಮೊಣಕಾಲಿನವರೆಗೂ ಏರಲಿಲ್ಲ. ಆ ಕೆಲಸವನ್ನು ಮುಂದೂಡಿದ್ದಕ್ಕೆ ಹೋದದ್ದು ಎರಡು ಜೀವ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ದಿನ ಕಳೆದಂತೆ ಅವನು ಅದನ್ನು ಮರೆತೇಬಿಟ್ಟಿರಬಹುದು, ಗುರುಗಳೇ."

"ಕೈ ಹಿಂದೆ ಕಟ್ಟಿಕೊಳ್ಳುವುದನ್ನು ಅವನು ಒಂದು ದಿನವೂ ಮರೆಯಲಿಲ್ಲ," ಎಂದರು ಗುರುಗಳು.