ಇಲ್ಲದ ಹೆಸರಿನ ವಿಳಾಸ

ಕಪಿಲೆಯ ದಡದ ಸಣ್ಣ ಮಠಕ್ಕೆ ಷಡಕ್ಷರಿ ಬಂದು ಸೇರಿಕೊಂಡಾಗ, ಅವನ ಮಗಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಪೇಟೆಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದವನು. ಮಠದ ಒಂದೇ ಒಂದು ಕಂಪ್ಯೂಟರನ್ನು ಮರುಳಯ್ಯ ಸ್ವಾಮಿಗಳು ಅವನ ಕೈಗೆ ಒಪ್ಪಿಸಿದ್ದರು.

ಮಗಳು ಶರ್ವಾಣಿ ಕಣ್ಣು ಕಾಣದವರಿಗಾಗಿ ಕಥೆಗಳನ್ನು ಓದಿ, ತನ್ನ ಹೆಸರಿನದೇ ಒಂದು ವೆಬ್‌ಸೈಟಿನಲ್ಲಿ ಹಾಕುತ್ತಿದ್ದಳು. ಬೆಳಗಿನ ಪೂಜೆ ಮುಗಿದ ಮೇಲೆ ಷಡಕ್ಷರಿ ಆ ವೆಬ್‌ಸೈಟ್ ತೆರೆದು ಅವಳ ದನಿ ಕೇಳುತ್ತಾ ಕೂರುತ್ತಿದ್ದ. ಅದನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ. ಹೊಳೆ ಎಲ್ಲಿಗೆ ಹೋಗುತ್ತದೆ, ಅದು ಇಲ್ಲೇ ಇರುತ್ತದೆ ಎನ್ನುವ ಹಾಗೆ ನಂಬಿದ್ದ.

ಒಂದು ಬೆಳಗ್ಗೆ ಆ ಹೆಸರಿನ ವೆಬ್‌ಸೈಟ್ ತೆರೆಯಲಿಲ್ಲ.

ಪೇಟೆಯ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದ. ಅವನು ವಿಚಾರಿಸಿ ಹೇಳಿದ: "ನಿಮ್ಮ ಮಗಳು ದನಿಯನ್ನೆಲ್ಲ ಇಟ್ಟಿದ್ದ ಕಂಪನಿಯೇ ಬಾಗಿಲು ಹಾಕಿದೆ ಸಾರ್. ವೆಬ್‌ಸೈಟಿನ ಹೆಸರಿಗೆ ದುಡ್ಡು ಕಟ್ಟಿದ್ದ ಅವಧಿಯೂ ಮುಗಿದಂತಿದೆ. ಒಂದು ಹೆಸರಿನ ವೆಬ್‌ಸೈಟ್ ಯಾವ ವಿಳಾಸದಲ್ಲಿದೆ ಅಂತ ಹುಡುಕಿ ಹೇಳುವ ಪ್ರೋಗ್ರಾಮುಗಳಿವೆ. ಕಂಪ್ಯೂಟರಿಗೆ ಹಾಕ್ಕೊಂಡು ನೀವೇ ನೋಡಿ."

ಷಡಕ್ಷರಿ ಒಂದನ್ನು ಹಾಕಿಕೊಂಡ. ಮಗಳ ಹೆಸರು ಟೈಪ್ ಮಾಡಿದ.

ಅಂಥ ಹೆಸರಿಲ್ಲ ಎಂದಿತು.

ಅದನ್ನು ತೆಗೆದುಹಾಕಿ ಇನ್ನೊಂದನ್ನು ಹಾಕಿದ. ಅದೂ ಅದನ್ನೇ ಹೇಳಿತು. ಅದನ್ನೂ ತೆಗೆದ, ಮತ್ತೊಂದನ್ನು ಹಾಕಿದ. ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಸ್ವಾಮಿಗಳು ಬಾಗಿಲಲ್ಲಿ ಬಂದು ನಿಂತರು.

"ಏನು ಮಾಡ್ತಿದ್ದೀಯೆ?"

"ಈ ಪ್ರೋಗ್ರಾಮು ಕೆಟ್ಟಿದೆ ಬುದ್ಧಿ. ಸರಿಯಾದದ್ದು ಸಿಗೋವರೆಗೂ ಹಾಕಿ ತೆಗೀತಿದ್ದೀನಿ."

"ಏನು ಕೆಲಸ ಇದರದು?"

"ಹೆಸರು ಕೊಟ್ಟರೆ, ಗೊತ್ತಿರುವವರನ್ನು ಕೇಳಿಕೊಂಡು ಬಂದು ವಿಳಾಸ ಹೇಳಬೇಕು."

"ನಮ್ಮ ಮಠದ ಹೆಸರು ಕೇಳು."

ಕೇಳಿದ. ವಿಳಾಸ ಬಂತು.

"ಪೇಟೆ ಆಸ್ಪತ್ರೆದು ಕೇಳು."

ಅದೂ ಬಂತು.

ಷಡಕ್ಷರಿ ಪರದೆಯನ್ನೇ ನೋಡುತ್ತಾ, "ಊರವರದ್ದೆಲ್ಲ ಗೊತ್ತು ಇದಕ್ಕೆ," ಎಂದ. "ನನ್ನ ಮಗಳದ್ದು ಮಾತ್ರ ಗೊತ್ತಿಲ್ಲ. ಇಂಥದ್ದು ನನಗೆ ಬೇಡ."

ಅದನ್ನೂ ಅವರೆದುರಿಗೇ ತೆಗೆದುಹಾಕಿದ.

"ಈಗ ಅವಳು ಸಿಕ್ಕಳೇ?" ಎಂದರು ಸ್ವಾಮಿಗಳು.

ಷಡಕ್ಷರಿ ಅವರ ಮುಖ ನೋಡದೆ ಎದ್ದು ಹೊಳೆಯ ಕಡೆ ಹೋದ. ಇಷ್ಟು ಕಟುಕರೇ ಇವರು ಅನ್ನಿಸಿತು.

ಮಾರನೆಯ ದಿನ ಮತ್ತೆ ಹಾಕಿಕೊಂಡ. ಅಂದಿನಿಂದ ಅದೇ ಅವನ ಪಾಡಾಯಿತು. ಬೆಳಗ್ಗೆ ಹಾಕುವುದು, ಕೇಳುವುದು, ಇಲ್ಲ ಅನ್ನಿಸಿಕೊಂಡು ತೆಗೆದುಹಾಕುವುದು. ಜಪದ ಹೊತ್ತಿನಲ್ಲೂ ಅವನ ಬೆರಳು ಮಣೆಯ ಮೇಲೆ ಮಗಳ ಹೆಸರಿನ ಅಕ್ಷರಗಳನ್ನೇ ಒತ್ತುತ್ತಿತ್ತು.

ಬೇಸಿಗೆ ಕಳೆಯುತ್ತಾ ಬಂದಾಗ ಒಂದು ದಿನ ವಿಳಾಸ ಬಂತು.

"ಬುದ್ಧೀ!" ಎಂದು ಕೂಗಿದ ಷಡಕ್ಷರಿ. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಸ್ವಾಮಿಗಳು ಪೊರಕೆ ಹಿಡಿದುಕೊಂಡೇ ಬಂದರು.

"ಸಿಕ್ಕಳು ಬುದ್ಧಿ, ಸಿಕ್ಕಳು! ನೋಡಿ, ವಿಳಾಸ!"

ವೆಬ್‌ಸೈಟ್ ತೆರೆದ. ದನಿ ಚೆನ್ನಾಗಿ ಕೇಳಲೆಂದು ಸ್ಪೀಕರ್ ಜೋರು ಮಾಡಿದ.

ಕಿವಿಗಡಚಿಕ್ಕುವ ಸಂಗೀತ ಬಂತು. ಪರದೆಯ ತುಂಬ ಇಸ್ಪೀಟಿನ ಎಲೆಗಳು ಕುಣಿದವು. ಆಡಿ, ಗೆಲ್ಲಿ ಎಂದು ಬಣ್ಣದ ಅಕ್ಷರಗಳು ಕರೆದವು. ಮೇಲೆ ಮಗಳ ಹೆಸರು ಹಾಗೇ ಇತ್ತು. ಯಾರೋ ಅದನ್ನು ಕೊಂಡು ಜೂಜಿನಂಗಡಿ ಇಟ್ಟಿದ್ದರು.

ಸ್ಪೀಕರಿನ ಸದ್ದು ಅಡಗಿಸಲೂ ಷಡಕ್ಷರಿಗೆ ಕೈ ಬರಲಿಲ್ಲ. ಸ್ವಾಮಿಗಳೇ ಬಗ್ಗಿ ತಂತಿ ಕಿತ್ತರು.

"ಇಲ್ಲ ಅಂತ ಹೇಳ್ತಿದ್ದಾಗಲೇ ಚೆನ್ನಾಗಿತ್ತು ಬುದ್ಧಿ," ಎಂದ ಅವನು.

ಆ ಪ್ರೋಗ್ರಾಮನ್ನು ತೆಗೆದುಹಾಕಿದವನು ಮತ್ತೆ ಹಾಕಲಿಲ್ಲ. ಕಂಪ್ಯೂಟರಿನ ಕೋಣೆಗೇ ಹೋಗಲಿಲ್ಲ. ಊಟ ಬಿಟ್ಟ. ಮಲಗಿದಲ್ಲೇ ಗೋಡೆಗೆ ಮುಖ ಮಾಡಿದ. ಸ್ವಾಮಿಗಳು ಗಂಜಿ ತಂದಿಟ್ಟರೆ ಅದು ಅಲ್ಲೇ ಆರಿ ಹೋಗುತ್ತಿತ್ತು.

"ನನಗೆ ಏನಾದರೂ ಹೇಳಿ ಬುದ್ಧಿ," ಎಂದು ಒಮ್ಮೆ ಬೇಡಿದ.

"ನನಗೆ ಏನೂ ಗೊತ್ತಿಲ್ಲ," ಎಂದರು ಅವರು.

ಹಾಗಿರುವಾಗ ಒಂದು ಮಧ್ಯಾಹ್ನ ಮಠಕ್ಕೆ ಒಬ್ಬ ಹೆಂಗಸು ಬಂದಳು. ಕೋಲು ಊರಿಕೊಂಡು, ದಾರಿ ತಡವುತ್ತಾ ಬಂದಳು. ಎರಡು ಕಣ್ಣೂ ಕಾಣುತ್ತಿರಲಿಲ್ಲ. ಹೆಸರು ಸಿದ್ದಾಜಮ್ಮ. ಸ್ವಾಮಿಗಳು ಅವಳನ್ನು ಜಗಲಿಯ ಮೇಲೆ ಕೂರಿಸಿ, ಷಡಕ್ಷರಿಯನ್ನು ಕರೆದರು. ಅವನು ಗೋಡೆ ಹಿಡಿದುಕೊಂಡು ಬಂದ.

"ಶರ್ವಾಣಿಯವರ ತಂದೆಯವರಾ?" ಎಂದಳು ಸಿದ್ದಾಜಮ್ಮ. "ಕಥೆ ಮುಗಿದ ಮೇಲೆ ಅವರ ಹೆಸರು, ನಿಮ್ಮ ಹೆಸರು, ಊರು ಹೇಳೋರು. ಆ ಊರಿಗೆ ಹೋದೆ. ಕೇಳಿದೋರೆಲ್ಲ, ಅವರಪ್ಪ ಮಠದಲ್ಲವ್ರೆ, ಅಲ್ಲಿಗೆ ಹೋಗವ್ವ ಅಂದ್ರು. ಬೇರೇನೂ ಬಾಯಿ ಬಿಡಲಿಲ್ಲ."

ಷಡಕ್ಷರಿ ಜಗಲಿಯ ಕಂಬ ಹಿಡಿದುಕೊಂಡ.

"ಅವರ ಕಥೆ ಹಚ್ಚಿದ್ರೆ ಈಗ ಬರೀ ಜೂಜಿನ ಗಲಾಟೆ ಯಜಮಾನ್ರೆ. ಬೇರೆ ಕಡೆ ಓದ್ತಾವ್ರಾ? ಎಲ್ಲವ್ರೆ ಅಂತ ಹೇಳಿ, ಹೊಸ ವಿಳಾಸ ಇದ್ರೆ ಕೊಡಿ."

ಅವನು ಸ್ವಾಮಿಗಳ ಕಡೆ ತಿರುಗಿದ. ಅವರು ತಲೆ ತಗ್ಗಿಸಿದರು. "ಆಕೆ ಕೇಳ್ತಿರೋದು ನಿನ್ನನ್ನ," ಎಂದು ಒಳಗೆ ನಡೆದುಬಿಟ್ಟರು.

ಹೇಳಬೇಕಾದ ಮಾತನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೆಣದ ಮುಂದೆ ಕೂತಾಗಲೂ ಬೇರೆಯವರೇ ಬಂದವರಿಗೆಲ್ಲ ಹೇಳಿದ್ದರು.

"ಇಲ್ಲ ತಾಯಿ," ಎಂದ. "ಎಲ್ಲೂ ಇಲ್ಲ. ನನ್ನ ಮಗಳು ಸತ್ತುಹೋದಳು."

ಸಿದ್ದಾಜಮ್ಮ ಅವನ ದನಿ ಬಂದ ಕಡೆಗೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಹಾಗೇ ಮಡಿಲಿಗೆ ಎಳೆದುಕೊಂಡು, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು.

ಷಡಕ್ಷರಿ ಅಲ್ಲಿ ನಿಲ್ಲಲಾರದೆ ಒಳಗೋಡಿ ಸ್ವಾಮಿಗಳ ಕಾಲ ಬಳಿ ಕುಸಿದ.

"ಇಲ್ಲ ಅನ್ನೋ ಮಾತು ನನ್ನ ಬಾಯಿಂದಲೇ ಬಂತು ಬುದ್ಧಿ. ಹೇಳಿಬಿಟ್ಟೆ. ಇನ್ನು ಹುಡುಕೋಕೂ ಏನೂ ಇಲ್ಲ. ನನಗಿನ್ನು ಏನು ಉಳೀತು?"

ಸ್ವಾಮಿಗಳು ಅವನ ಬೆನ್ನ ಮೇಲೆ ಕೈಯಿಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಹೇಳಿದರು:

"ಆಕೆ ಇನ್ನೂ ಜಗಲಿ ಮೇಲೆ ಒಬ್ಬಳೇ ಕೂತಿದ್ದಾಳೆ, ಷಡಕ್ಷರಿ. ಬೆಳಗಿನಿಂದ ಏನೂ ತಿಂದ ಹಾಗಿಲ್ಲ."