ಗಾಣಿಗರ ಕೇರಿಯ ಹದಾಸ ಬಿಡಿಸದೆ ಬಿಟ್ಟ ಒಗಟು

"ಶಂಖಪಟ್ಟಣದ ಸಮಸ್ತ ಪ್ರಜೆಗಳು ಕೇಳತಕ್ಕದ್ದು. ಮಹಾರಾಜರು ಮೂರು ಒಗಟು ಕೇಳುವರು. ಸರಿಯಾಗಿ ಹೇಳಿದವರು ಬೇಡಿದ್ದನ್ನು ಪಡೆಯುವರು. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ."

ಡಂಗುರದವನು ಬಂದರಿನಿಂದ ಕೋಟೆಬಾಗಿಲವರೆಗೆ ಹೀಗೆ ಸಾರಿದ. ರಾಣಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ರಾಜ ಅರಿಂಜಯ ಮಹಡಿಯಿಂದ ಕೆಳಗಿಳಿದವನಲ್ಲ. ಕಿಟಕಿಯಲ್ಲಿ ಕೂತು ಊರು ನೋಡುವುದು, ಕಂಡದ್ದನ್ನು ಒಗಟು ಮಾಡುವುದು, ಅಷ್ಟೇ. ರಾಜರಿಗೆ ಬಿಡುವು ಹೆಚ್ಚಾದರೆ ಉಳಿದವರ ತಲೆಗೆ ಕಷ್ಟ, ನೋಡಿ.

ತ್ರಿವಿಕ್ರಮ ಪಂಡಿತರು ಸೋತು ಸೆರೆಮನೆ ಸೇರಿದರು. ಹಿಂದೆಯೇ ಒಬ್ಬ ಮುತ್ತಿನ ವ್ಯಾಪಾರಿ. ಮೂರನೆಯವರು ಹೆಸ್ಕೇಲ್ ಗುರುಗಳು. ಗಾಣಿಗರ ಕೇರಿಯ ಯೆಹೂದಿ ಮಕ್ಕಳಿಗೆ ಹೀಬ್ರೂ, ಧರ್ಮಶಾಸ್ತ್ರ ಕಲಿಸುವ ಮುದುಕರು. ಸೋರುವ ಶಾಲೆಗೆ ಹೆಂಚು ಕೇಳೋಣವೆಂದು ಹೋದವರು ಮೂರನೆಯ ಒಗಟಿನಲ್ಲಿ ಎಡವಿದರು.

ಅಮಾವಾಸ್ಯೆಗೆ ಎರಡೇ ದಿನ. ಅವರ ಶಿಷ್ಯೆ ಹದಾಸ, ಹದಿಮೂರರ ಹುಡುಗಿ, ಗಾಣದ ಎಣ್ಣೆಗೈ ಒರೆಸಿಕೊಂಡು ಅರಮನೆಗೆ ಬಂದಳು.

"ಎಣ್ಣೆ ಹಿಂದಿನ ಬಾಗಿಲಿಗೆ ಕಣಮ್ಮ," ಎಂದ ಕಾವಲಿನವನು.

"ಎಣ್ಣೆ ತಂದಿಲ್ಲಣ್ಣ. ತಲೆ ತಂದಿದ್ದೀನಿ."

ಮಹಡಿಯಲ್ಲಿ ರಾಜ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದ. "ನಾಲ್ವರು ಒಂದು ಗಂಟು ಹೊತ್ತು ಸ್ಮಶಾನಕ್ಕೆ ಹೋದರು. ಪ್ರಾರ್ಥನೆ ಹೇಳಿ ಹೂಳಿದರು. ಸತ್ತವರಿಲ್ಲ, ಅತ್ತವರಿಲ್ಲ. ಗಂಟಿನಲ್ಲಿ ಏನು? ಪಂಡಿತರು ನಿಧಿ ಎಂದರು."

"ಹಳೆ ಪುಸ್ತಕ, ಮಹಾಸ್ವಾಮಿ. ದೇವರ ಹೆಸರಿರೋ ಹಾಳೆ ಹರಿದು ಓದೋಕೆ ಬಾರದ ಹಾಗಾದರೆ ನಾವು ಸುಡಲ್ಲ, ಎಸೆಯಲ್ಲ. ಮಣ್ಣು ಮಾಡ್ತೀವಿ."

"ಊರಿನ ಗಾಣಗಳೆಲ್ಲ ತಿರುಗುವಾಗ ಏಳು ದಿನಕ್ಕೊಮ್ಮೆ ಒಂದು ಕೇರಿಯ ಗಾಣ ನಿಲ್ಲುತ್ತದೆ. ಎಳ್ಳು ಮುಗಿದಿಲ್ಲ, ಎತ್ತಿಗೆ ರೋಗವಿಲ್ಲ. ನಿಲ್ಲಿಸಿದ್ದು ಯಾರು? ವ್ಯಾಪಾರಿ ಶನಿದೇವರ ಭಯ ಎಂದ."

"ಭಯ ಅಲ್ಲ, ಬಿಡುವು. ಶನಿವಾರ ನಮಗೆ ಸಬ್ಬತ್, ವಿಶ್ರಾಂತಿಯ ದಿನ. ದೇವರೇ ಏಳನೇ ದಿನ ಕೆಲಸ ನಿಲ್ಲಿಸಿದ. ನಮಗೂ ನಿಲ್ಲಿಸಿ ಅಂದ, ಎತ್ತನ್ನೂ ಮರೆಯಲಿಲ್ಲ."

ಆ ಪಂಡಿತರು ನಾಲ್ಕು ಶಾಸ್ತ್ರ ಓದಿದವರು. ಗಾಣಿಗರ ಕೇರಿಗೆ ಮಾತ್ರ ಒಮ್ಮೆಯೂ ಕಾಲಿಟ್ಟವರಲ್ಲ.

ರಾಜ ಈಗ ತಿರುಗಿದ. ದನಿ ಇಳಿದಿತ್ತು. "ಒಬ್ಬಳು ಸಾಯುವ ಗಳಿಗೆಯಲ್ಲಿ ಗಂಡನ ಮುಖ ನೋಡಿ ಬಾಯಿ ತೆರೆದಳು. ಮಾತು ಬರುವ ಮೊದಲೇ ಉಸಿರು ಹೋಯಿತು. ಆ ಮಾತು ಯಾವುದು?"

"ನಮ್ಮ ಗುರುಗಳು ಏನಂದರು?" ಎಂದಳು ಹದಾಸ.

"ನಿಮ್ಮ ಗುರು, 'ನಿನ್ನನ್ನು ಕ್ಷಮಿಸಿದ್ದೇನೆ' ಎಂಬ ಮಾತು ಎಂದ."

"ಮರುಕಕ್ಕೆ ಅಂದಿದ್ದಾರೆ. ನಾವು ಹಾಗೆ ಊಹಿಸಿ ಬರೆದರೆ ಅವರೇ ಹಲಗೆ ಒರೆಸಿ, ಸರಿಯಾದ್ದನ್ನು ಹತ್ತು ಸಲ ಬರೆಸ್ತಾರೆ."

"ಹಾಗಾದರೆ ನಿನ್ನ ಉತ್ತರ?"

"ನಿಲ್ಲಲಿ."

"ಏನು?"

"ನಮ್ಮ ದೊಡ್ಡ ಗ್ರಂಥದಲ್ಲಿ ಹಳೆ ಗುರುಗಳು ವಾದ ಮಾಡಿ ಮಾಡಿ, ಉತ್ತರ ಸಿಗದ ಕಡೆ 'ಇದು ನಿಲ್ಲಲಿ' ಅಂತ ಬರೆದಿದ್ದಾರೆ. ಅಂದರೆ ಪ್ರಶ್ನೆ ಹಾಗೇ ನಿಂತಿರಲಿ ಅಂತ. ಅದನ್ನ ಅಳಿಸೋ ಹಾಗಿಲ್ಲ, ಸುಳ್ಳು ಉತ್ತರ ತುಂಬೋ ಹಾಗೂ ಇಲ್ಲ. ಆ ಪುಟ ಬಂದಾಗಲೆಲ್ಲ ಜೋರಾಗಿ ಓದ್ತೀವಿ. ಆಮೇಲೆ ಮುಂದಿನ ಪುಟ."

"ಒಬ್ಬೊಬ್ಬರೇ ಓದುತ್ತೀರಾ?"

"ಇಲ್ಲ. ಜೊತೆಗೊಬ್ಬರು ಇರಲೇಬೇಕು. ಒಬ್ಬರೇ ಕೂತರೆ ತಪ್ಪು ಹೇಳೋರು ಯಾರು?"

ರಾಜ ಕಿಟಕಿಯ ಕಡೆ ನೋಡಿದ. "ಅವಳ ಬಾಯಿಗೆ ಅರಮನೆಯವರು, ನಿಮ್ಮ ಗುರು, ಎಲ್ಲರೂ ಒಂದೊಂದು ಮಾತು ತುರುಕಿದರು," ಎಂದ. "ನೀನೊಬ್ಬಳೇ ಬಿಟ್ಟೆ. ಬೇಡಿಕೋ."

"ಗುರುಗಳು ಬೇಕು. ಆ ಇಬ್ಬರೂ ಮನೆಗೆ ಹೋಗಲಿ. ಹೆಂಚಿನದು ಗುರುಗಳೇ ಕೇಳ್ತಾರೆ."

ಮೂವರೂ ಆ ಸಂಜೆಯೇ ಹೊರಬಂದರು. ಕೇರಿಯಲ್ಲಿ ಹದಾಸ ಗುರುಗಳ ಕೈಗೆ ಹಲಗೆ ಕೊಟ್ಟು, "ಹತ್ತು ಸಲ ಬರೀರಿ ಗುರುಗಳೇ, ನಿಲ್ಲಲಿ ಅಂತ," ಎಂದಳು. ಅವರು ಮರುಮಾತಾಡದೆ ಬರೆದರು.

ಶಾಲೆಗೆ ಹೆಂಚು ಬಂತು. ರಾಣಿ ತೀರಿಕೊಂಡ ದಿನ ಬಂದಾಗ ರಾಜನೂ ಬಂದ, ನಡೆದುಕೊಂಡೇ. ಮಕ್ಕಳ ಸಾಲಿನಲ್ಲಿ ಹದಾಸಳ ಪಕ್ಕ ಚಾಪೆಯ ಮೇಲೆ ಕೂತು ತನ್ನ ಪ್ರಶ್ನೆಯನ್ನು ಜೋರಾಗಿ ಕೇಳಿದ.

"ನಿಲ್ಲಲಿ," ಅಂದರು ಮಕ್ಕಳು.

"ಮುಂದಿನ ಪುಟ," ಅಂದಳು ಹದಾಸ. ರಾಜ ತಾನೇ ಪುಟ ತಿರುವಿದ.