ಮುನ್ನೂರು ಊರಿಗೆ ಒಂದು ದನಿ

ಕತೆ ಹೇಳಿ ನನಗೆ ಅಭ್ಯಾಸವಿಲ್ಲ. ಇದರಲ್ಲಿ ಲೆಕ್ಕವೂ ಬರುತ್ತದೆ, ಎಲ್ಲಾದರೂ ತಡವರಿಸಿದರೆ ಈಗಲೇ ಕ್ಷಮಿಸಿಬಿಡಿ.

ಬೆಟ್ಟದಾಚೆಯ ಕೋಟೆಯಲ್ಲಿ ರಾಜಮಾತೆ ಸಾಯುತ್ತಿದ್ದಾಗ ಅರಸ ಬಿಲ್ಲರಾಯ ಡಂಗುರ ಹೊಡೆಸಿದ: "ನಮ್ಮ ತಾಯಿಯ ಕಡೆಮಾತು ಮುನ್ನೂರು ಊರಿಗೂ ನೇರಪ್ರಸಾರವಾಗಬೇಕು. ಮೂರು ಒಗಟು ಬಿಡಿಸಿದವನು ಆ ಪ್ರಸಾರದ ಲೈನಿನ ಒಡೆಯ. ತಪ್ಪಿದವನ ತಲೆ ಹೆಬ್ಬಾಗಿಲಿಗೆ."

ಕಡೆಮಾತು ಅಂದರೆ, ಆ ಮನೆತನದ ಹಿರಿಯರು ಸಾಯುವ ಮುಂಚೆ ಪ್ರಜೆಗಳಿಗೆ ಆಡುವ ಮಾತು. ಪಟ್ಟದಲ್ಲಿರುವವನು ಸಾವಿನ ಕೋಣೆಗೆ ಹೋಗುವಂತಿರಲಿಲ್ಲ; ಹಾಗಾಗಿ ಅರಸನೂ ಲೈನಿನಲ್ಲೇ ಕೇಳಬೇಕು. ಹೋದ ಸಲ ಅರಸನ ತಂದೆ ದೊಡ್ಡರಸರ ಮುಖ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಿತ್ತು. ಮಾತು ಯಾರಿಗೂ ತಲುಪಲಿಲ್ಲ.

"ದನಿ ಒಂದು, ಊರು ಮುನ್ನೂರು. ಲೈನಿನಲ್ಲಿ ಹೊರಡುವ ದನಿ ಎಷ್ಟು?" ಅರಸ ಕೇಳಿದ.

"ಒಂದೇ, ಪ್ರಭು," ಎಂದ ಆಸ್ಥಾನದ ಪಂಡಿತ. ಅವನ ತಲೆ ಹೋಯಿತು.

ದಂಡನಾಯಕ ಮುನ್ನೂರು ಎಂದು ಸರಿಯಾಗಿ ಹೇಳಿ ಮುಂದಿನದಕ್ಕೆ ಸಿಕ್ಕಿಬಿದ್ದ. "ಲೈನು ಎಷ್ಟು ತುಂಬಿದರೆ ಕ್ಷೇಮ?" "ಕಂಠಮಟ್ಟ!" ಅವನ ತಲೆಯೂ ಹೋಯಿತು.

ಮೂರನೆಯವನು ಜವರ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ.

"ನಿನಗ್ಯಾಕೋ ಇದು, ಕೆಸರುಗಾಲಿನವನೆ?" ಮಂತ್ರಿ ನಕ್ಕ.

"ನಮ್ಮವ್ವ ಹೋದ ಸಲ ದೊಡ್ಡರಸರ ಮಾತು ಕೇಳಬೇಕು ಅಂತ ದಿನವೆಲ್ಲ ಕೂತಿದ್ಲು ಬುದ್ಧಿ. ಕೇಳದೆ ಸತ್ಲು."

ಜವರ ಬೆರಳು ಮಡಿಚಿ ಮೊದಲೆರಡು ಒಗಟಿಗೂ ಒಟ್ಟಿಗೇ ಲೆಕ್ಕ ಹೇಳಿದ. ದನಿ ತಿಳಿಯಾಗಿ ಕೇಳಲು ಸೆಕೆಂಡಿಗೆ ಅರವತ್ತನಾಲ್ಕು ಕಿಲೋಬಿಟ್ ಬೇಕು. (ಕಿಲೋಬಿಟ್ಟನ್ನು ಲೈನಿನಲ್ಲಿ ಹರಿಯುವುದನ್ನು ಅಳೆಯುವ ಕೊಳಗ ಅಂದುಕೊಳ್ಳಿ.) ಗದ್ದೆಗೊಂದು ಪಾಲು ನೀರಿನ ಹಾಗೆ ಊರಿಗೊಂದು ಪಾಲು ದನಿ. ಮುನ್ನೂರಕ್ಕೆ ಹತ್ತೊಂಬತ್ತು ಸಾವಿರದ ಇನ್ನೂರು. "ಕಾಲುವೆಯನ್ನ ಅಂಚಿನ ತನಕ ಬಿಡೋದಿಲ್ಲ ಬುದ್ಧಿ, ಒಂದು ಅಲೆ ಎದ್ದರೆ ಏರಿ ಒಡೀತದೆ. ಹರಿಯೋದರ ಕಾಲುಭಾಗದಷ್ಟು ಜಾಗ ಮೇಲೆ ಬಿಡಬೇಕು. ಒಟ್ಟು ಇಪ್ಪತ್ನಾಲ್ಕು ಸಾವಿರ."

"ನಮ್ಮ ಲೈನು ಇಪ್ಪತ್ತೈದು ಸಾವಿರ," ಎಂದ ಅರಸ. "ತಾಯಿಯ ಮುಖವನ್ನು ಹೇಗೆ ಕಳಿಸುತ್ತೀ? ಇದೇ ಮೂರನೆಯ ಒಗಟು."

"ಒಂದು ಊರಿಗೆ ಮುಖ ಕಾಣೋಕೆ ಎಂಟುನೂರು ಬೇಕು. ಮುನ್ನೂರಕ್ಕೆ ಎರಡು ಲಕ್ಷದ ನಲವತ್ತು ಸಾವಿರ. ಕಳಿಸಬಾರದು, ಅದೇ ಉತ್ತರ. ಹೋದ ಸಲ ಮುಖ ಕಳಿಸೋಕೆ ಹೋಗಿ ಮಾತು ಸತ್ತಿತು. ಯಾರು ಅಪ್ಪಣೆ ಕೊಟ್ಟರೋ ಗೊತ್ತಿಲ್ಲ."

ಅಪ್ಪಣೆ ಕೊಟ್ಟವನು ಬಿಲ್ಲರಾಯನೇ.

ಅರಸ ಮೆಲ್ಲಗೆ ಕೇಳಿದ, "ನನಗೊಬ್ಬನಿಗಾದರೂ ಮುಖ?"

ಜವರ ಹೆಬ್ಬಾಗಿಲ ಕಡೆ ನೋಡಿದ. ಎರಡು ತಲೆ ತೂಗುತ್ತಿದ್ದವು. "ಆಗೋದಿಲ್ಲ ಬುದ್ಧಿ," ಎಂದ.

ಲೈನಿನ ಬೀಗದ ಕೈ ಅವನಿಗೆ ಸಿಕ್ಕಿತು, ಹತ್ತು ಗದ್ದೆಯೂ ಸಿಕ್ಕಿತು. ಮಾರನೆಯ ದಿನ ಮುನ್ನೂರು ಊರೂ ಮುದುಕಿಯ ಮಾತನ್ನು ತಿಳಿಯಾಗಿ ಕೇಳಿದವು: "ಬಿಲ್ಲಾ, ಉಂಡ್ಯೇನೋ? ಎಲ್ಲಿದ್ದೀಯೋ ಮಗಾ?" ಅರಸ ಕಪ್ಪು ಪರದೆಯ ಮುಂದೆ ನಿಂತೇ ಇದ್ದ.

ಒಂದು ಮಾತು ಬಿಟ್ಟೆ. ಇಪ್ಪತ್ತೈದರಲ್ಲಿ ಇಪ್ಪತ್ನಾಲ್ಕು ಕಳೆದರೆ ಒಂದು ಸಾವಿರ ಉಳಿಯುತ್ತದೆ. ಮುಖಕ್ಕೆ ಬೇಕಾದದ್ದು ಎಂಟುನೂರು, ಮೇಲೆ ಬಿಡುವ ಕಾಲುಭಾಗ ಸೇರಿದರೆ ಸರಿಯಾಗಿ ಒಂದು ಸಾವಿರ. ಒಂದು ಮುಖ ಹಿಡಿಯುತ್ತಿತ್ತು. ಅದು ಜವರನಿಗೂ ಗೊತ್ತಿತ್ತು. ಆದರೂ ಅವನು ಆಗೋದಿಲ್ಲ ಅಂದದ್ದು ಯಾಕೆ ಅಂದರೆ, ಆ ಬಾಗಿಲಲ್ಲಿ ತೂಗುತ್ತಿದ್ದ ಇಬ್ಬರ ತಾಯಂದಿರಿಗೂ ಮಗನ ಮುಖ...

ಬಂದೆ, ಬಂದೆ! ಒಳಗಿಂದ ಕರೆಯುತ್ತಿದ್ದಾರೆ.